ಮುತ್ತಜ್ಜನ ಪೆಟ್ಟಿಗೆಯೂ ಅಂತರ್ಜಾಲದ ಪೇಟೆಯೂ



ಕಳೆದ ವರ್ಷ ಬೇಸಿಗೆಯ ರಜೆ ಆರಂಭವಾಗುವದಕ್ಕೆ ಸ್ವಲ್ಪ ಮೊದಲು, ನಮ್ಮಲ್ಲಿ ಓದಿ ಹೋದ ಒಬ್ಬಾಕೆ ಸಣ್ಣದೊಂದು ತಗಡಿನ ಪೆಟ್ಟಿಗೆಯನ್ನು ತೆಗೆದುಕೊಂಡು ನಮ್ಮ ಕಚೇರಿಗೆ ಬಂದಳು. ಆಕೆಯ ಪತಿ ತೀರಿಕೊಂಡು ಮೂರು ವರ್ಷಗಳಾಗಿದ್ದವು. ಹಿರಿಯ ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸ್ಥಳ ದೊರೆತಿದ್ದರೂ ಶುಲ್ಕಕ್ಕೆ ಹಣವಿರಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ಟೀಚರ್, ಇಂಥವುಗಳನ್ನು ಮೊಬೈಲಿನಲ್ಲಿ ಹಾಕಿದರೆ ಕೊಳ್ಳುವವರಿದ್ದಾರಂತೆ. ಮನೆಯ ಹಿರಿಯರದನ್ನು ಮಾರಿದರೆ ತಪ್ಪಾಗುತ್ತದೋ?" ಎಂದು ಕೇಳಿದಳು.

ಪೆಟ್ಟಿಗೆಯಲ್ಲಿ ಬಣ್ಣಗೆಟ್ಟ ಪಟ್ಟಿಯುಳ್ಳ ಒಂದು ಕಂಚಿನ ಪದಕ, ಮಡಿಕೆಗಳಲ್ಲಿ ಹರಿದ ಒಂದು ಸೈನ್ಯದ ಬಿಡುಗಡೆ ಪತ್ರ, ಆರು ಬೆಳ್ಳಿಯ ರೂಪಾಯಿಗಳು, ಒಂದು ಹಿಡಿಯಷ್ಟು ತೂತು ಕಾಸುಗಳು, ಮತ್ತು ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿಟ್ಟ ಒಂದು ಕುಟುಂಬದ ಬೈಬಲು ಇದ್ದವು. ಪದಕವು ಆಕೆಯ ಮುತ್ತಜ್ಜನದು. ಅವರು "ಬಸ್ರಾಕ್ಕೆ ಹೋಗಿ ಬಂದವರು" ಎಂಬದಕ್ಕಿಂತ ಹೆಚ್ಚಿನ ಸಂಗತಿ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಇದರ ಜೋಡಿಯಾಗಿ ಬೆಳ್ಳಿಯ ಪದಕವೊಂದು ಇತ್ತಂತೆ. ಅದನ್ನು ಆಕೆಯ ಅಣ್ಣನು ಕೆಲವು ವರ್ಷಗಳ ಹಿಂದೆ ಬೆಳ್ಳಿಯ ತೂಕಕ್ಕೆ ಮಾರಿಬಿಟ್ಟಿದ್ದನು.

ಇಂಥ ಪ್ರಶ್ನೆಯನ್ನು ನಮಗೆ ಕೇಳಿದವರು ಆಕೆಯೊಬ್ಬಳೇ ಅಲ್ಲ. ಹಳೆಯ ಮನೆಗಳನ್ನು ಕೆಡವುವಾಗ, ತಂದೆತಾಯಿಗಳು ತೀರಿಕೊಂಡು ಪಾಲು ಮಾಡುವಾಗ, ಅಟ್ಟದ ಮೇಲಿದ್ದುದೆಲ್ಲಾ ಅಂಗಳಕ್ಕೆ ಇಳಿಯುತ್ತದೆ. ಹಿಂದೆ ಇವುಗಳನ್ನು ಕೊಳ್ಳುವವನು ಊರೂರು ತಿರುಗುವ ಗುಜರಿಯವನು ಮಾತ್ರ. ಈಗಲಾದರೋ ಅಂತರ್ಜಾಲದ ಮೂಲಕ ಮುಂಬಯಿಯ ಸಂಗ್ರಾಹಕನೂ ಲಂಡನ್ನಿನ ಸಂಗ್ರಾಹಕನೂ ನಮ್ಮ ಅಡಿಗೆಮನೆಯ ಬಾಗಿಲಿಗೇ ಬಂದು ನಿಂತಿರುವರು. ಆದಕಾರಣ ಈ ವಿಷಯವನ್ನು ಕುರಿತು ನಮಗೆ ತಿಳಿದುಬಂದುದನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯುವದು ಉಚಿತವೆಂದು ಎಣಿಸಿದೆವು.

ಮೊದಲು ಆಕೆಯ ಪ್ರಶ್ನೆಗೆ ಉತ್ತರ ಕೊಡೋಣ. ಸತ್ಯವೇದದಲ್ಲಿ ಇಬ್ಬರ ಕಥೆಗಳಿವೆ. ನಾಬೋತನು ಪಿತ್ರಾರ್ಜಿತವಾದ ದ್ರಾಕ್ಷೇತೋಟವನ್ನು ಅರಸನು ಕೇಳಿದರೂ ಕೊಡಲಿಲ್ಲ. ಏಸಾವನು ಚೊಚ್ಚಲತನದ ಹಕ್ಕನ್ನು ಒಂದು ಹೊತ್ತಿನ ಊಟಕ್ಕೆ ಮಾರಿಬಿಟ್ಟನು. ನಾಬೋತನಂತೆ ಸಮಸ್ತವನ್ನೂ ಹಿಡಿದಿಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇರುವದಿಲ್ಲ. ಮಗಳ ವಿದ್ಯೆಗಾಗಿ ತಾಯಿಯು ಒಂದು ಪದಕವನ್ನು ಮಾರಿದರೆ ಅದರಲ್ಲಿ ದೋಷವೇನೂ ನಮಗೆ ಕಾಣುವದಿಲ್ಲ. ಏಸಾವನ ತಪ್ಪಾದರೋ ಮಾರಿದ್ದರಲ್ಲಿ ಮಾತ್ರವೇ ಇಲ್ಲ. ತಾನು ಮಾರುವದು ಏನೆಂಬದನ್ನು ಲಕ್ಷ್ಯಕ್ಕೆ ತಾರದೆ ಇದ್ದದ್ದರಲ್ಲಿ ಇದೆ. ವಸ್ತುವನ್ನು ಮಾರಬಹುದು, ಅದರ ವೃತ್ತಾಂತವನ್ನು ಬರೆದಿಡದೆ ಮಾರಬಾರದು. ಹಾಗೆ ಬರೆದಿಡುವವರಿಗೆ ಬೆಲೆಯೂ ಹೆಚ್ಚು ದೊರೆಯುತ್ತದೆಂಬದನ್ನು ಮುಂದೆ ತೋರಿಸುವೆವು.

ನಮ್ಮ ನಾಡಿನ ಮನೆಗಳಲ್ಲಿ ಯುದ್ಧಕಾಲದ ವಸ್ತುಗಳೆಲ್ಲಿಂದ ಬಂದವೆಂದು ಕೆಲವರು ಆಶ್ಚರ್ಯಪಡುವರು. 1914ರಿಂದ 1918ರ ವರೆಗಿನ ಮಹಾಯುದ್ಧಕ್ಕೆ ಸುಮಾರು 13 ಲಕ್ಷ ಭಾರತೀಯರು ಹೋದರು; ಎರಡನೆಯ ಮಹಾಯುದ್ಧದಲ್ಲಿ 25 ಲಕ್ಷದಷ್ಟು ಜನರು ಭಾರತೀಯ ಸೈನ್ಯದಲ್ಲಿದ್ದರು. ಬೆಂಗಳೂರಿನಲ್ಲಿ ನೆಲೆಗೊಂಡ ಮದ್ರಾಸ್ ಸ್ಯಾಪರ್ಸ್ ಪಡೆಯವರು ಮೆಸೊಪೊತಾಮಿಯದಲ್ಲಿ ಸೇವೆ ಸಲ್ಲಿಸಿದರು. ಮೈಸೂರು ಲ್ಯಾನ್ಸರ್ಸ್ ಕುದುರೆ ದಳದವರು ಜೋಧಪುರದವರೊಂದಿಗೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದರು. ಆ ಕಾಲದ ಪದಕಗಳೂ, ಬಿಡುಗಡೆ ಪತ್ರಗಳೂ, ಸೈನ್ಯದ ಕಾಗದಗಳೂ ಇಂದಿಗೂ ನಮ್ಮ ಟ್ರಂಕುಗಳ ತಳದಲ್ಲಿ ಬಿದ್ದಿರುವವು.

ಸೈನ್ಯಕ್ಕೆ ಯಾರೂ ಹೋಗದ ಮನೆಯಲ್ಲಿಯೂ ಯುದ್ಧದ ಗುರುತು ಇರುತ್ತದೆ. ಬೆಳ್ಳಿಯ ಅಭಾವದಿಂದ ಸರಕಾರವು 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟನ್ನೂ, 1918ರ ಜನವರಿ 2ರಂದು ಎರಡೂವರೆ ರೂಪಾಯಿಯ ನೋಟನ್ನೂ ಹೊರಡಿಸಿತು. ಎರಡೂವರೆ ರೂಪಾಯಿಯ ನೋಟು 1926ರಲ್ಲಿ ಹಿಂದೆಗೆಯಲ್ಪಟ್ಟಿತು. ಆದಕಾರಣ ಅದು ಈಗ ವಿರಳ. ಎರಡನೆಯ ಯುದ್ಧಕಾಲದಲ್ಲಿ ತಾಮ್ರವನ್ನು ಉಳಿಸುವದಕ್ಕಾಗಿ ನಡುವೆ ರಂಧ್ರವಿಟ್ಟು ಮಾಡಿದ ಕಾಲಾಣೆಯ ನಾಣ್ಯವೇ ನಮ್ಮ ಅಜ್ಜಿಯರು ಹೇಳುತ್ತಿದ್ದ ತೂತು ಕಾಸು. ಅದನ್ನು 1943ರಿಂದ 1947ರ ವರೆಗೆ ಅತಿ ವಿಪುಲವಾಗಿ ಅಚ್ಚು ಹಾಕಿದ್ದರಿಂದ ಅದಕ್ಕೆ ಬೆಲೆ ಅಲ್ಪವೇ. ಬೆಳ್ಳಿಯ ರೂಪಾಯಿಯ ತೂಕವು 11.66 ಗ್ರಾಂ. ಮೊದಲು ಅದರ ಹನ್ನೆರಡು ಪಾಲುಗಳಲ್ಲಿ ಹನ್ನೊಂದು ಪಾಲು ಬೆಳ್ಳಿಯಿತ್ತು. 1940ರಲ್ಲಿ ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯು ಬರೇ ನಿಕ್ಕಲಿನದು. ಹೀಗೆ ಯುದ್ಧವು ಬಡವಳ ಸೆರಗಿನ ಗಂಟಿನೊಳಕ್ಕೂ ಪ್ರವೇಶಿಸಿತು.

ಮಿಶನ್ ಮನೆತನಗಳಲ್ಲಿ ಇನ್ನೂ ಕೆಲವು ವಸ್ತುಗಳಿರುವವು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯದ ಪುಸ್ತಕಗಳು, 1894ರ ಕಿಟ್ಟೆಲರ ನಿಘಂಟಿನ ಮೊದಲ ಮುದ್ರಣ, 1865ರಲ್ಲಿ ಜೆಪ್ಪುವಿನಲ್ಲಿ ಸ್ಥಾಪಿತವಾದ ಹಂಚಿನ ಕಾರ್ಖಾನೆಯ ಮುದ್ರೆಯುಳ್ಳ ಹಂಚುಗಳು, ಇವೆಲ್ಲವನ್ನೂ ಅರಸುವವರಿದ್ದಾರೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನೆರಿಗಳನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧಿಸಿ ಇಟ್ಟಿದ್ದರು. ಅಲ್ಲಿಂದ ಬಂದ ಕಾಗದವೇನಾದರೂ ಶಿಬಿರದ ತಪಾಸಣೆಯ ಮುದ್ರೆಯೊಂದಿಗೆ ಒಬ್ಬರ ಬೈಬಲಿನೊಳಗೆ ಉಳಿದಿದ್ದರೆ, ಅಂಚೆ ಸಂಗ್ರಾಹಕರು ಅದಕ್ಕೆ ಆಸೆಪಡುವರು. ಸಭೆಯ ಚರಿತ್ರೆಯನ್ನು ಬರೆಯುವವರು ಅದಕ್ಕಿಂತಲೂ ಹೆಚ್ಚಾಗಿ ಆಸೆಪಡುವರು. ಹಿತ್ತಲ ಗಿಡ ಮದ್ದಲ್ಲವೆಂಬಂತೆ, ನಮಗೆ ಮಾತ್ರ ಇವು ಬರೇ ಹಳೆಯ ಸಾಮಾನುಗಳಾಗಿ ತೋರುವವು.

ಈಗ ಆ ಪೆಟ್ಟಿಗೆಗೆ ಹಿಂದಿರುಗೋಣ. ಆ ದಿವಸ ವಿಜ್ಞಾನದ ಕೋಣೆಯಿಂದ ಒಂದು ಭೂತಗನ್ನಡಿಯನ್ನು ತರಿಸಿ, ಪದಕದ ಮುಖವನ್ನು ಬಿಟ್ಟು ಅದರ ಅಂಚನ್ನು ನೋಡುವಂತೆ ಆಕೆಗೆ ಹೇಳಿದೆವು. ಮೊದಲನೆಯ ಮಹಾಯುದ್ಧದ ಬೆಳ್ಳಿಯ ಯುದ್ಧಪದಕ ಮತ್ತು ಕಂಚಿನ ವಿಜಯಪದಕಗಳ ಅಂಚಿನಲ್ಲಿ ಪಡೆದವನ ಸಂಖ್ಯೆ, ದರ್ಜೆ, ಹೆಸರು, ದಳ ಇವುಗಳನ್ನು ಅಚ್ಚೊತ್ತಿರುತ್ತಾರೆ. ಆಕೆಯು ಕಿಟಕಿಯ ಬೆಳಕಿಗೆ ಅದನ್ನು ಹಿಡಿದು, ಒಂದೊಂದೇ ಅಕ್ಷರವನ್ನು ಕೂಡಿಸಿ, ತನ್ನ ಮುತ್ತಜ್ಜನ ಹೆಸರನ್ನು ಓದಿದಳು. ಬಿಡುಗಡೆ ಪತ್ರದಲ್ಲಿಯೂ ಅದೇ ಸಂಖ್ಯೆ ಇತ್ತು. ಬೈಬಲಿನ ಪುಟದಲ್ಲಿ ಅದೇ ಹೆಸರು, ಮದುವೆಯ ತಾರೀಖಿನೊಂದಿಗೆ ಇತ್ತು. ತೂಕಕ್ಕೆ ಹೋದ ಬೆಳ್ಳಿಯ ಪದಕದ ಅಂಚಿನಲ್ಲಿಯೂ ಆ ಹೆಸರೇ ಇದ್ದಿರಬೇಕೆಂದು ತಿಳಿದಾಗ ಆಕೆಯು ಬಹಳ ಹೊತ್ತು ಮಾತಾಡಲಿಲ್ಲ. ಇದು ಒಂದು ಮನೆಯಲ್ಲಿ ಮಾತ್ರ ಆದದ್ದಲ್ಲ. 1979-80ರಲ್ಲಿ ಬೆಳ್ಳಿಯ ಬೆಲೆ ಏರಿದಾಗ ಈ ಜಾತಿಯ ಪದಕಗಳು ಹೇರಳವಾಗಿ ಕರಗಿಸಲ್ಪಟ್ಟವು.

ಎರಡನೆಯ ಮಹಾಯುದ್ಧದ ನಕ್ಷತ್ರಗಳಲ್ಲಿಯೂ ಪದಕಗಳಲ್ಲಿಯೂ, ಭಾರತೀಯರಿಗೆ ಕೊಟ್ಟವುಗಳ ಮೇಲೆ ಹೆಸರನ್ನು ಅಚ್ಚೊತ್ತಿರುವದುಂಟು; ಬ್ರಿಟಿಷ್ ಸೈನಿಕರಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ಹೆಸರಿರುವದಿಲ್ಲ. ಹೆಸರಿಲ್ಲದವುಗಳ ಒಡೆಯನಾರೆಂದು ಹೇಳತಕ್ಕದ್ದು ಜೊತೆಯಲ್ಲಿರುವ ಕಾಗದ, ಭಾವಚಿತ್ರ, ಸಂಬಳದ ಪುಸ್ತಕ ಇವು ಮಾತ್ರವೇ. ಪದಕವನ್ನು ಒಬ್ಬನಿಗೂ ಪತ್ರವನ್ನು ಇನ್ನೊಬ್ಬನಿಗೂ ಮಾರಿದರೆ ಎರಡೂ ಅನಾಥವಾಗುವವು. ಮತ್ತೆ ಅವುಗಳನ್ನು ಒಂದುಗೂಡಿಸುವದು ಅಸಾಧ್ಯವಾಗಬಹುದು. ಆದದರಿಂದ ಒಬ್ಬ ವ್ಯಕ್ತಿಗೆ ಸೇರಿದ್ದನ್ನು ಒಟ್ಟಾಗಿಯೇ ಇಡಬೇಕು. ಯುದ್ಧದಲ್ಲಿ ಮಡಿದವರ ಮನೆಯವರು ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗದ ಪಟ್ಟಿಯನ್ನು ಅಂತರ್ಜಾಲದಲ್ಲಿ ಧರ್ಮಾರ್ಥವಾಗಿ ಹುಡುಕಬಹುದು.

ಮಾರುವದಕ್ಕೆ ಮುಂಚೆ ಮಾಡತಕ್ಕ ಕೆಲಸಗಳು ಮೂರು.

ಮೊದಲನೆಯದಾಗಿ, ಬರೆಯಬೇಕು. ಪ್ರತಿಯೊಂದು ವಸ್ತುವಿನ ಭಾವಚಿತ್ರವನ್ನು ಮುಂದೆ, ಹಿಂದೆ, ಅಂಚು ಎಂದು ಎಲ್ಲಾ ಕಡೆಯಿಂದಲೂ ತೆಗೆದು, ಅದು ಯಾರದು, ಮನೆಗೆ ಹೇಗೆ ಬಂತು ಎಂಬದನ್ನು ಒಂದು ಹಾಳೆಯಲ್ಲಿ ಬರೆದಿಡತಕ್ಕದ್ದು. ಕಾಗದದಲ್ಲಿ ಕಂಡದ್ದನ್ನು ಒಂದು ಕಡೆಗೂ, ಹಿರಿಯರ ಬಾಯಿಂದ ಕೇಳಿದ್ದನ್ನು ಮತ್ತೊಂದು ಕಡೆಗೂ ಬೇರೆಬೇರೆಯಾಗಿ ಬರೆಯಬೇಕು. ಕೇಳಿದ ಮಾತನ್ನು ಕಂಡದ್ದೆಂದು ಹೇಳಿ ಬೆಲೆ ಏರಿಸುವದು ಸುಳ್ಳುಸಾಕ್ಷಿಗೆ ಸಮಾನ.

ಎರಡನೆಯದಾಗಿ, ತೊಳೆಯಬಾರದು. ನಮ್ಮ ಹೆಂಗಸರಿಗೆ ಹಿತ್ತಾಳೆ ತಾಮ್ರಗಳನ್ನು ಕಂಡೊಡನೆ ಹುಣಿಸೇಹಣ್ಣೂ ಬೂದಿಯೂ ನೆನಪಿಗೆ ಬರುತ್ತವೆ. ಅಡಿಗೆಯ ಪಾತ್ರೆಗೆ ಅದು ಒಳ್ಳೆಯದೇ. ಹಳೆಯ ನಾಣ್ಯಪದಕಗಳ ಮೇಲೆ ಕಾಲಾನುಕ್ರಮದಲ್ಲಿ ಬಂದ ಕಪ್ಪುಛಾಯೆಯನ್ನಾದರೋ ಸಂಗ್ರಾಹಕರು ಅದರ ವಯಸ್ಸಿನ ಸಾಕ್ಷಿಯೆಂದು ಎಣಿಸುವರು. ತಿಕ್ಕಿ ಬೆಳಗಿಸಿದ ನಾಣ್ಯದ ಬೆಲೆ ಆ ಕ್ಷಣದಲ್ಲಿಯೇ ಇಳಿದುಹೋಗುತ್ತದೆ. ಪದಕದ ಅಂಚಿನ ಅಕ್ಷರಗಳೂ ಸವೆಯುತ್ತವೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳನ್ನು ಒರಸಿದರೆ ಸಾಕು.

ಮೂರನೆಯದಾಗಿ, ಇದು ಯಾರ ಸೊತ್ತೆಂದು ವಿಚಾರಿಸಬೇಕು. ತಂದೆಯು ಮರಣಶಾಸನವನ್ನು ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಕ್ರೈಸ್ತ ಮನೆತನದಲ್ಲಿ ವಿಧವೆಗೆ ಮೂರರಲ್ಲೊಂದು ಪಾಲೂ, ಉಳಿದದ್ದರಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮವಾದ ಪಾಲೂ ಸಲ್ಲುತ್ತವೆ. ಹಿಂದೂ ಮನೆತನಗಳಲ್ಲಿಯೂ 2005ರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಮಗನಂತೆ ಪಿತ್ರಾರ್ಜಿತ ಸೊತ್ತಿನ ಹಕ್ಕುದಾರಳು. ಹೊಲಮನೆಗಳ ವಿಷಯದಲ್ಲಿ ಜಾಗರೂಕರಾಗಿರುವವರೂ ಅಟ್ಟದ ಸಾಮಾನುಗಳ ವಿಷಯದಲ್ಲಿ ತಂಗಿಯ ಮಾತನ್ನು ಕೇಳುವದಿಲ್ಲ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮಾರಿದ ಗಡಿಯಾರವೊಂದರ ದೆಸೆಯಿಂದ ಅಣ್ಣತಂಗಿಯರು ಮಾತು ಬಿಟ್ಟ ಮನೆಗಳನ್ನು ನಾವು ಬಲ್ಲೆವು. ಆದದರಿಂದ ಎಲ್ಲರ ಒಪ್ಪಿಗೆಯನ್ನು ಬರೆವಣಿಗೆಯಲ್ಲಿ ಪಡೆಯುವದು ಕ್ಷೇಮ.

ಇನ್ನು ಸರಕಾರದ ಕಟ್ಟಳೆಗಳು. ಪುರಾವಸ್ತುಗಳ ಮತ್ತು ಕಲಾನಿಧಿಗಳ ಕಾಯಿದೆಯು 1972ರಲ್ಲಿ ಹುಟ್ಟಿ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. 100 ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ, ಶಿಲ್ಪ, ಚಿತ್ರ, ಕುಶಲಕೃತಿ, ಚಾರಿತ್ರಿಕ ಮಹತ್ವವುಳ್ಳ ವಸ್ತು ಇವೂ, 75 ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿ ದಾಖಲೆಗಳೂ ಅದರಂತೆ ಪುರಾವಸ್ತುಗಳು. ಇಂಥವುಗಳನ್ನು ಮನೆಯಲ್ಲಿಟ್ಟುಕೊಳ್ಳುವದು ಅಪರಾಧವಲ್ಲ. ಹೊರದೇಶಕ್ಕೆ ಕಳುಹಿಸುವದು ಖಾಸಗಿ ಜನರಿಗೆ ನಿಷಿದ್ಧ. ತಪ್ಪಿದವರಿಗೆ ಆರು ತಿಂಗಳಿಗೆ ಕಡಿಮೆಯಾಗದೆ ಮೂರು ವರ್ಷಗಳ ವರೆಗೆ ಸೆರೆಯೂ ದಂಡವೂ ಉಂಟು. ದೇಶದೊಳಗೆ ಇವುಗಳ ವ್ಯಾಪಾರವನ್ನೇ ನಡಿಸುವವರು ಪರವಾನಗಿಯನ್ನು ಪಡೆದಿರಬೇಕು. ಕಲ್ಲು, ಲೋಹ, ದಂತ ಮುಂತಾದವುಗಳ ಶಿಲ್ಪಗಳನ್ನೂ, ಚಿತ್ರಗಳನ್ನೂ, ಚಿತ್ರಸಹಿತವಾದ ಹಸ್ತಪ್ರತಿಗಳನ್ನೂ ನೋಂದಾಯಿಸಿರಬೇಕು. ಅವು ಕೈ ಬದಲಾಯಿಸಿದರೆ ತಿಳಿಸಬೇಕು. ಒಂದು ವಸ್ತು ಪುರಾವಸ್ತುವೋ ಅಲ್ಲವೋ ಎಂಬ ಸಂಶಯವಿದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸತಕ್ಕದ್ದು.

ನಮ್ಮ ವಿದ್ಯಾರ್ಥಿನಿಗೆ ಇದು ಬರೇ ಪುಸ್ತಕದ ಮಾತಾಗಿರಲಿಲ್ಲ. ಪದಕದ ಚಿತ್ರವನ್ನು ನೋಡಿದ ಇಂಗ್ಲೆಂಡಿನ ಒಬ್ಬನು ಒಳ್ಳೆಯ ಬೆಲೆಯನ್ನು ಹೇಳಿ, ಕಾಣಿಕೆಯೆಂದು ಬರೆದು ಅಂಚೆಯಲ್ಲಿ ಕಳುಹಿಸೆಂದು ಸೂಚಿಸಿದ್ದನು. ಮೊದಲನೆಯ ಯುದ್ಧದ ಪದಕಗಳು ನೂರು ವರ್ಷದ ಗಡಿಯನ್ನು ಮುಟ್ಟಿರುವವು. ಬಿಡುಗಡೆ ಪತ್ರವಂತೂ 75ನ್ನು ಎಂದೋ ದಾಟಿತ್ತು. ಆಕೆಯು ಆ ಹಣವನ್ನು ಬಿಟ್ಟಳು. ಅದು ಆಕೆಗೆ ಸುಲಭವಾಗಿರಲಿಲ್ಲವೆಂಬದನ್ನು ನಾವು ಕಣ್ಣಾರೆ ಕಂಡೆವು.

ಇನ್ನೆರಡು ಎಚ್ಚರಿಕೆಗಳು. ಆನೆಯ ದಂತದ ವ್ಯಾಪಾರವು ವನ್ಯಜೀವಿ ಸಂರಕ್ಷಣಾ ಕಾಯಿದೆಯ 1986 ಮತ್ತು 1991ರ ತಿದ್ದುಪಡಿಗಳಿಂದ ನಿಷೇಧಿಸಲ್ಪಟ್ಟಿದೆ. ಮೈಸೂರಿನ ಬೀಟೆಮರದ ಹಳೆಯ ಮೇಜು ಪೆಟ್ಟಿಗೆಗಳಲ್ಲಿ ದಂತವನ್ನು ಕೂಡಿಸಿ ಮಾಡಿದ ಹೂಬಳ್ಳಿಗಳಿರುವದುಂಟು. ಅಂಥವುಗಳನ್ನು ಅರಣ್ಯ ಇಲಾಖೆಯವರನ್ನು ಕೇಳದೆ ಮಾರಾಟಕ್ಕೆ ಇಡಬಾರದು. ಅಜ್ಜನು ತಂದ ಪಿಸ್ತೂಲು, ಖಡ್ಗ, ಬಂದೂಕಿನ ಸನೀನು ಮುಂತಾದವು ದೊರೆತರೆ, 1959ರ ಆಯುಧಗಳ ಕಾಯಿದೆಯ ನಿಮಿತ್ತ, ಮೊದಲು ಪೊಲೀಸು ಠಾಣೆಯಲ್ಲಿ ತಿಳಿಸಬೇಕು.

ಕಡೆಗೆ ಅಂತರ್ಜಾಲದ ಪೇಟೆಯ ರೀತಿ. ಅಲ್ಲಿ ಮಾರುವವರು ಕೇಳುವ ಬೆಲೆಯು ಬೆಲೆಯೇ ಅಲ್ಲ. ಕೊಂಡವರು ಕೊಟ್ಟದ್ದೇ ಬೆಲೆ. ಆದದರಿಂದ ಮುಗಿದ ಹರಾಜುಗಳ ಫಲಿತಾಂಶವನ್ನು ನೋಡಿ, ಇಬ್ಬರು ಮೂವರನ್ನು ವಿಚಾರಿಸಿ ಬೆಲೆಯನ್ನು ಗೊತ್ತುಮಾಡಬೇಕು. ಒಂದು ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುವೆವೆಂಬ ಜಾಹೀರಾತುಗಳು ಬಹಳ ಬರುತ್ತವೆ. ಇವರಲ್ಲಿ ಕೆಲವರು ರಿಸರ್ವ್ ಬ್ಯಾಂಕಿನ ಹೆಸರನ್ನು ಹೇಳಿ, ಮುಂಗಡವಾಗಿ ಕಮಿಶನನ್ನೂ ತೆರಿಗೆಯನ್ನೂ ಕೇಳುವರು. ತಾನು ಇಂಥ ವ್ಯವಹಾರವನ್ನು ಮಾಡುವದಿಲ್ಲವೆಂದೂ, ಯಾವ ಶುಲ್ಕವನ್ನೂ ಕೇಳುವದಿಲ್ಲವೆಂದೂ ಆ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಿಸಿತು. ಮಾರುವವಳಿಂದಲೇ ಮುಂಗಡ ಕೇಳುವವನು ಕಳ್ಳನೆಂದು ತಿಳಿಯಿರಿ.

ಇನ್ನೊಂದು ಮೋಸವಿದೆ. ಕೊಳ್ಳುವವನೆಂದು ಹೇಳಿಕೊಳ್ಳುವವನು ಒಂದು ಕ್ಯೂ.ಆರ್. ಚಿತ್ರವನ್ನು ಕಳುಹಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನಿಮಗೆ ಬರುತ್ತದೆ" ಎನ್ನುವನು. ಹಣವನ್ನು ಪಡೆಯುವದಕ್ಕೆ ಪಿನ್ ಬೇಕಾಗುವದೇ ಇಲ್ಲ. ಪಿನ್ ಒತ್ತಿದರೆ ಹಣ ನಮ್ಮಿಂದ ಹೋಗುವದು. ಹಾಗೆ ಸಿಕ್ಕಿಬಿದ್ದವರು ತಡಮಾಡದೆ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ಒಂಟಿಯಾಗಿರುವ ಹೆಂಗಸರು ಅಪರಿಚಿತರನ್ನು ಮನೆಗೆ ಕರೆಯದೆ, ನಾಲ್ಕು ಜನರಿರುವ ಸ್ಥಳದಲ್ಲಿ ಜೊತೆಗಾರರೊಂದಿಗೆ ಕಾಣುವದು ಒಳ್ಳೆಯದು. ಹಣವು ಬ್ಯಾಂಕಿನ ಲೆಕ್ಕಕ್ಕೆ ಬಂದದ್ದನ್ನು ನೋಡಿದ ಮೇಲೆಯೇ ವಸ್ತುವನ್ನು ಕಳುಹಿಸತಕ್ಕದ್ದು.

ಆಕೆಯ ಕಾರ್ಯವು ಹೀಗೆ ಮುಗಿಯಿತು. ಬೈಬಲನ್ನು ಮಾರಲಿಲ್ಲ. ರೂಪಾಯಿಗಳನ್ನು ಮಾರಿದಳು. ಪದಕವನ್ನು ಮೊದಲು ಒಂಟಿಯಾಗಿ ತೋರಿಸಿದಾಗ ನಮ್ಮ ದೇಶದವರೇ ಆದ ಒಬ್ಬ ಸಂಗ್ರಾಹಕರು ಹೇಳಿದ ಬೆಲೆ ಅಲ್ಪವಾಗಿತ್ತು. ಬಿಡುಗಡೆ ಪತ್ರವನ್ನೂ, ಬೈಬಲಿನ ಪುಟದ ಪ್ರತಿಯನ್ನೂ, ಆಕೆಯೇ ಬರೆದ ಒಂದು ಹಾಳೆಯ ವೃತ್ತಾಂತವನ್ನೂ ತೋರಿಸಿದ ಮೇಲೆ ಅವರೇ ಅದರ ಇಮ್ಮಡಿಗಿಂತ ಹೆಚ್ಚನ್ನು ಕೊಟ್ಟರು. ಆ ಹಾಳೆಯ ಒಂದು ಪ್ರತಿ ಪದಕದೊಂದಿಗೆ ಹೋಯಿತು. ಒಂದು ಪ್ರತಿ ಮಗಳ ಪುಸ್ತಕದ ಪೆಟ್ಟಿಗೆಯಲ್ಲಿದೆ. ಎಲ್ಲಾ ಕೂಡಿಸಿದರೂ ಹಣವು ಒಂದು ವರ್ಷದ ಶುಲ್ಕದ ಅರ್ಧವಾಯಿತು. ಮಿಕ್ಕದ್ದಕ್ಕೆ ಪೂರ್ವ ವಿದ್ಯಾರ್ಥಿನಿಯರ ಸಂಘವು ಕೈನೀಡಿತು. ಹುಡುಗಿಯು ಈಗ ಓದುತ್ತಿದ್ದಾಳೆ.

ಇಷ್ಟು ಹೇಳಿದ ನಾವು ಒಂದು ಮಾತನ್ನು ಮುಚ್ಚಿಡಬಾರದು. ಬೆಳ್ಳಿಯ ಪದಕವನ್ನು ತೂಕಕ್ಕೆ ಮಾರಿದ ಆ ಅಣ್ಣನನ್ನು ದೂಷಿಸುವ ಅಧಿಕಾರ ನಮಗಿಲ್ಲ. ನಾವು ಈ ಹುದ್ದೆಗೆ ಬಂದ ಮೊದಲನೆಯ ವರ್ಷದಲ್ಲಿ, ತರಗತಿಗೆ ಸ್ಥಳ ಸಾಲದೆ ಹಿಂದಿನ ಉಗ್ರಾಣವನ್ನು ತೆರವು ಮಾಡಿಸಿ, ಹುಳ ಹಿಡಿದ ಹಳೆಯ ಪುಸ್ತಕಗಳನ್ನು ರದ್ದಿ ಕಾಗದದವನಿಗೆ ತೂಕಕ್ಕೆ ಕೊಟ್ಟೆವು. ಕೆಲವು ತಿಂಗಳ ಮೇಲೆ ನಿವೃತ್ತರಾದ ಒಬ್ಬ ಹಿರಿಯ ಶಿಕ್ಷಕಿಯವರು ಬಂದು, ಹೊಲಿಗೆಯ ತರಗತಿಯ ಹಳೆಯ ಪುಸ್ತಕವೆಲ್ಲಿ ಎಂದು ಕೇಳಿದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಮ್ಮ ಶಾಲೆಯ ಹುಡುಗಿಯರು ಸೈನಿಕರಿಗಾಗಿ ಹೆಣೆದ ಉಣ್ಣೆಯ ಕಾಲುಚೀಲಗಳ ಲೆಕ್ಕವು, ಒಬ್ಬೊಬ್ಬಳ ಹೆಸರಿನೊಂದಿಗೆ, ಅದರಲ್ಲಿತ್ತಂತೆ. ಅವರ ತಾಯಿಯ ಹೆಸರೂ ಇತ್ತಂತೆ. ನಾವು ಆ ಪುಸ್ತಕವನ್ನು ತೆರೆದು ಸಹ ನೋಡಿರಲಿಲ್ಲ. ಅದಕ್ಕೆ ದೊರೆತ ಹಣವೆಷ್ಟೆಂಬದು ಕೂಡ ಈಗ ನಮಗೆ ನೆನಪಿಲ್ಲ.

ಆ ದಿವಸದಿಂದ ಶಾಲೆಯ ಕಪಾಟಿನಲ್ಲಿ ದಪ್ಪ ರಟ್ಟಿನ ಒಂದು ಹೊಸ ಪುಸ್ತಕವನ್ನಿಟ್ಟಿರುವೆವು. ನಿಮ್ಮ ಮನೆಗಳಲ್ಲಿ ಈ ಶಾಲೆಗೆ ಸಂಬಂಧಪಟ್ಟ ಭಾವಚಿತ್ರ, ಬಹುಮಾನದ ಪುಸ್ತಕ, ಕಸೂತಿಯ ಬಟ್ಟೆ, ಕಾಗದ ಮುಂತಾದವುಗಳಿದ್ದರೆ, ಅವುಗಳನ್ನು ನಮಗೆ ಕೊಡಬೇಕೆಂದು ಕೇಳುವದಿಲ್ಲ. ಮಾರುವದಾದರೂ, ಪಾಲು ಮಾಡುವದಾದರೂ, ಅದಕ್ಕೆ ಮುಂಚೆ ಒಂದು ಸಲ ತಂದು ತೋರಿಸಿದರೆ ನಾವು ಪ್ರತಿ ತೆಗೆದು, ನಿಮ್ಮ ಮಾತಿನಲ್ಲಿಯೇ ಅದರ ವೃತ್ತಾಂತವನ್ನು ಆ ಪುಸ್ತಕದಲ್ಲಿ ಬರೆದುಕೊಳ್ಳುವೆವು. ಮೂಲವನ್ನೇ ಕೊಡಲು ಮನಸ್ಸುಳ್ಳವರಿಗೆ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ದಾಖಲೆಗಳ ಭಂಡಾರಗಳಿವೆ.

ಆ ಪುಸ್ತಕದ ಮೊದಲನೆಯ ಪುಟದಲ್ಲಿ ಹಿರಿಯ ಶಿಕ್ಷಕಿಯವರು ತಮಗೆ ನೆನಪಿದ್ದ ಏಳು ಹೆಸರುಗಳನ್ನು ತಾವೇ ಬರೆದಿರುವರು. ಆ ಕಾಲದಲ್ಲಿ ಇಲ್ಲಿ ಕಾಲುಚೀಲ ಹೆಣೆದವರ ಹೆಣ್ಣುಮಕ್ಕಳೂ ಮೊಮ್ಮಕ್ಕಳೂ ಈ ಸಂಚಿಕೆಯನ್ನು ಓದುವವರಲ್ಲಿ ಇರಬಹುದು. ಎಂಟನೆಯ ಹೆಸರನ್ನು ಬಲ್ಲವರು ದಯಮಾಡಿ ನಮಗೆ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ.